ಬ್ಯಾಟರಿಯ ಮೇಲೆ ಮೂರು ಗೆರೆ

"ಒಬ್ಬ ಕಳ್ಳ ಅಲ್ಲ ಅಂತ ತೋರ್ಸೋಕೆ, ಅವನನ್ನ ಇಷ್ಟು ವರ್ಷ ಕಳ್ಳ ಇರಬೌದು ಅಂದ್ಕೊಂಡಿದ್ದೆ ಅಂತ ಒಪ್ಕೊಳ್ಲೇಬೇಕಾ ಸಾರ್?"

ಸೋಲದೇವನಹಳ್ಳಿಯಿಂದ ಯಲಹಂಕಕ್ಕೆ ಮರಳುವ ದಾರಿಯಲ್ಲಿ, ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಬ್ಯಾಟರಾಯಪ್ಪ ಹೀಗೆ ಕೇಳಿದರು. ನಾನು ಗೇರು ಬದಲಾಯಿಸಿದೆ, ಮುಂದೆ ಹೋಗುತ್ತಿದ್ದ ಕಾಲೇಜು ಬಸ್ಸನ್ನು ನೋಡಿದೆ. ಪುರಾವೆಯಿಲ್ಲದ ಮಾತನ್ನು ನಂಬಬಾರದು ಎಂಬುದನ್ನಷ್ಟೇ ನಾನು ಓದಿದ ವಿಜ್ಞಾನದ ಪುಸ್ತಕಗಳು ಹೇಳಿಕೊಟ್ಟಿದ್ದವು. ಪುರಾವೆಯನ್ನು ಕೂಡಿಟ್ಟದ್ದೇ ಒಂದು ಅವಮಾನವಾಗಿದ್ದರೆ, ಅದನ್ನು ಹೊರಗೆ ತೆಗೆಯಬೇಕೇ ಬೇಡವೇ ಎಂಬುದು ಅವುಗಳಲ್ಲಿರಲಿಲ್ಲ.

ಬ್ಯಾಟರಾಯಪ್ಪ ಈಗಿಲ್ಲ. ಪ್ರಶ್ನೆ ಮಾತ್ರ ಉಳಿದಿದೆ. ಅದು ಹುಟ್ಟಿದ್ದು ಹೇಗೆಂದು ಹೇಳಬೇಕಾದರೆ ಅವರ ಅಂಗಡಿಯಿಂದಲೇ ತೊಡಗಬೇಕು.

ಯಲಹಂಕದ ಹಳೇ ಊರಿನಲ್ಲಿ, ರೈಲ್ವೆ ಹಳಿಗಳಿಗೆ ಬೆನ್ನು ಕೊಟ್ಟು ನಿಂತ ಮಳಿಗೆಗಳ ಸಾಲಿನಲ್ಲಿ ಅವರ ಬ್ಯಾಟರಿ ಅಂಗಡಿಯಿತ್ತು. ಹಿಂದೆ ಗೂಡ್ಸ್ ಗಾಡಿ ಹಾದರೆ ಷಟರ್ ಗಲಗಲ ಎನ್ನುತ್ತಿತ್ತು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿ, ಗಾಡಿ ಪೂರ್ತಿ ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಬ್ಯಾಟರಾಯಪ್ಪನವರಿಗೆ ಅರವತ್ತು ದಾಟಿತ್ತು. ಆಸಿಡ್ ಹನಿ ಸಿಡಿದು ಸಣ್ಣ ಸಣ್ಣ ತೂತುಗಳಾದ ಖಾಕಿ ಅಂಗಿ. ಬಲಗೈಯ ಉಂಗುರದ ಬೆರಳು ಸೊಟ್ಟ. ಯಾವ ಕಾಲದಲ್ಲೋ ಲಾರಿಯ ಬ್ಯಾಟರಿ ಜಾರಿ ಅದರ ಮೇಲೆ ಬಿದ್ದಿತ್ತಂತೆ. ಹೆಬ್ಬಾಳದ ಈಚೆಗಿನ ಹಳೆಯ ಹಳ್ಳಿಯೊಂದರ ಒಕ್ಕಲು ಮನೆತನ. ಮನೆದೇವರ ಹೆಸರನ್ನೇ ಇಟ್ಟಿದ್ದರು. ಆ ಹೆಸರಿಗೂ ಈ ವ್ಯಾಪಾರಕ್ಕೂ ಗಂಟು ಹಾಕಿ ಆಟೋದವರು ಮಾಡುತ್ತಿದ್ದ ತಮಾಷೆಗೆ ಅವರು ನಗುವುದನ್ನು ಎಂದೋ ಬಿಟ್ಟಿದ್ದರು.

ನನ್ನನ್ನು ಅಲ್ಲಿಗೆ ಒಯ್ದದ್ದು ವಾರಂಟಿ. ಹೊಸ ಬ್ಯಾಟರಿ ವರ್ಷ ತುಂಬುವ ಮೊದಲೇ ಕೈಕೊಟ್ಟಿತ್ತು. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಹಾಕಿಸಿಕೊಂಡು ಹೇಗೋ ಅಂಗಡಿಯ ಮುಂದೆ ತಂದು ನಿಲ್ಲಿಸಿದೆ. ಬ್ಯಾಟರಾಯಪ್ಪ ಬ್ಯಾಟರಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಎಷ್ಟು ದಿನಕ್ಕೊಂದ್ಸಲ ಓಡಿಸ್ತೀರಾ?"

"ದಿನಾ."

ಅವರು ಬಾನೆಟ್ಟಿನ ಮೇಲೆ ಬೆರಳೆಳೆದು, ಬೆರಳನ್ನು ನನ್ನ ಮುಖದ ಮುಂದೆ ಹಿಡಿದರು. "ದಿನಾ ಓಡೋ ಗಾಡಿ ಮೇಲೆ ಇಷ್ಟು ಧೂಳು ಕೂರಲ್ಲ ಸಾರ್."

"ಅಂದ್ರೆ... ವಾರಕ್ಕೊಂದು ಸಲ."

"ಹಾಂ, ಈಗ ಸ್ವಲ್ಪ ನಿಜ ಬಂತು. ಮನೇಲಿ ಗಲಾಟೆ ಅಂತ ಪಾರ್ಕಿಂಗ್‌ನಲ್ಲಿ ಕೂತ್ಕೊಂಡು, ಎಂಜಿನ್ ಆಫ್ ಮಾಡಿ, ಹಾಡು ಹಾಕ್ಕೊಂಡು ಪುಸ್ತಕ ಓದೋದು ಉಂಟಾ?"

ಉಂಟು. ಹಿಂದಿನ ಸೀಟಿನಲ್ಲಿ ಬಿದ್ದಿದ್ದ ಪುಸ್ತಕಗಳನ್ನು ಅವರು ಆಗಲೇ ನೋಡಿದ್ದರು. ಅಂಗಡಿಯ ಒಳಗಿನಿಂದ ಯಾರೋ ಸಣ್ಣಗೆ ನಕ್ಕರು. ಅದು ಮುಕ್ತಾರ್. ನಲವತ್ತರ ಆಸುಪಾಸಿನ ಮನುಷ್ಯ, ಬಹಳ ವರ್ಷಗಳಿಂದ ಅಲ್ಲಿಯೇ ಕೆಲಸ, ವಾಸ ಅಂಗಡಿಯ ಹಿಂದಿನ ಕೋಣೆಯಲ್ಲಿ. ಸಂಜೆ ಬ್ಯಾಟರಾಯಪ್ಪ ಮನೆಗೆ ಹೋದ ಮೇಲೆ ಬೆಳಗಿನವರೆಗೆ ಗಿರಾಕಿಗಳ ಬ್ಯಾಟರಿಗಳೆಲ್ಲ ಅವನೊಬ್ಬನ ವಶ.

"ಚಾರ್ಜಿಗೆ ಹಾಕಿ, ಮೀಟರ್ ಇಟ್ಟು ನೋಡಿ ಹೇಳಿಬಿಡಿ," ಎಂದೆ.

"ಚಾರ್ಜರ್‌ನಿಂದ ಇಳಿದ ತಕ್ಷಣ ಎಲ್ಲಾ ಬ್ಯಾಟ್ರಿನೂ ಸುಳ್ಳೇ ಹೇಳೋದು. ಎದೆ ಉಬ್ಬಿಸ್ಕೊಂಡು ನಿಂತಿರ್ತದೆ. ರಾತ್ರಿ ಮಲಗಲಿ. ಬೆಳಗ್ಗೆ ಎಬ್ಬಿಸಿ, ಭಾರ ಹೊರ್ಸಿ ಕೇಳಿದ್ರೆ ನಿಜ ಹೇಳ್ತದೆ."

ಇದರಲ್ಲಿ ತಪ್ಪೇನಿರಲಿಲ್ಲ. ಚಾರ್ಜು ಮುಗಿದ ಕೂಡಲೇ ಕಾಣುವ ವೋಲ್ಟೇಜು ಮೇಲುಮೇಲಿನದು. ಕೆಲವು ಗಂಟೆ ಬಿಟ್ಟರೆ ಇಳಿದು ತನ್ನ ನಿಜವಾದ ಮಟ್ಟಕ್ಕೆ ಬರುತ್ತದೆ. ನನ್ನ ಅನುಮಾನ ಅವರ ಉಳಿದ ಆಚಾರಗಳ ಮೇಲೆ. ಮಲಗುವ ಬ್ಯಾಟರಿಗಳನ್ನು ಅವರು ಸಿಮೆಂಟ್ ನೆಲಕ್ಕೆ ತಾಕಿಸದೆ ಗೋಡೆಯುದ್ದದ ಒಂದು ಹಲಗೆಯ ಮೇಲೆ ಇಡಿಸುತ್ತಿದ್ದರು. ನೆಲಕ್ಕಿಟ್ಟರೆ ಶಕ್ತಿ ಇಳಿದುಹೋಗುತ್ತದೆಂಬ ನಂಬಿಕೆ ಮರದ ಪೆಟ್ಟಿಗೆಯ ಬ್ಯಾಟರಿಗಳ ಕಾಲದ್ದು. ಇಂದಿನ ಪ್ಲಾಸ್ಟಿಕ್ ಮೈಗೆ ನೆಲವೂ ಒಂದೇ, ಹಲಗೆಯೂ ಒಂದೇ. ಹೋಗಲಿ ಎಂದುಕೊಂಡರೆ, ಸಂಜೆ ಬಾಗಿಲು ಹಾಕುವ ಮುನ್ನ ಅವರು ಒಂದು ತಗಡಿನ ಡಬ್ಬಿ ತೆಗೆದು, ವಿಭೂತಿಯಲ್ಲಿ ಮೂರು ಬೆರಳದ್ದಿ, ಪ್ರತಿ ಬ್ಯಾಟರಿಯ ಮುಂಬದಿಗೂ ಎಳೆಯುತ್ತಿದ್ದರು. ಅದೂ ಅಡ್ಡಕ್ಕಲ್ಲ. ಮೇಲಿನಿಂದ ಕೆಳಕ್ಕೆ, ಬ್ಯಾಟರಿಯ ಮೈಯಿಂದ ಇಳಿದು ಹಲಗೆಯ ಮೇಲೂ ಒಂದಿಷ್ಟು ಹರಿಯುವಂತೆ. ಸೊಟ್ಟ ಬೆರಳಿನಿಂದಾಗಿ ಮೂರನೆಯ ಗೆರೆ ನಡುವೆ ಹೊರಳಿ ಆಚೆ ಸರಿಯುತ್ತಿತ್ತು. ಬೆಳಿಗ್ಗೆ ಬಂದೊಡನೆ ಅವರೇ ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು, ಒಂದೊಂದು ಬ್ಯಾಟರಿಯ ಮುಂದೆಯೂ ಸೊಂಟ ಬಗ್ಗಿಸಿ ನಿಲ್ಲುತ್ತಿದ್ದರು.

ಅವರ ಮನೆದೇವರು ನಾಮದ ದೇವರು. ಅವರ ಹಣೆಯ ಮೇಲೆಯೂ ನಾಮ. ಬ್ಯಾಟರಿಗೇಕೆ ವಿಭೂತಿ? ಶೈವರ ಪುಡಿ, ವೈಷ್ಣವರ ದಿಕ್ಕು, ಇದೆಂಥ ಪೂಜೆ? ಕೇಳಿದ್ದಕ್ಕೆ, "ಏನೋ ಒಂದು ಪದ್ಧತಿ ಸಾರ್," ಎಂದು ಡಬ್ಬಿ ಮುಚ್ಚಿದರು. ಪದ್ಧತಿ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಅನುಮಾನ ಹೆಚ್ಚುತ್ತದೆ. ನನ್ನ ಬ್ಯಾಟರಿಯ ಮೇಲಿನ ಸಂಖ್ಯೆಯನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೋದೆ, ಮರುದಿನ ಹೋಲಿಸಿದೆ. ಅದೇ ಸಂಖ್ಯೆ. ನಾನು ಹೋಲಿಸುವುದನ್ನು ಬ್ಯಾಟರಾಯಪ್ಪ ನೋಡಿದರು. ಬೇಸರಪಡಲಿಲ್ಲ. ನನ್ನ ಮೇಲೆ ಅವರಿಗೆ ಮೊದಲ ಬಾರಿಗೆ ಸ್ವಲ್ಪ ಗೌರವ ಹುಟ್ಟಿದಂತೆ ಕಂಡಿತು.

ವಾರಂಟಿಯಲ್ಲಿ ಹೊಸದು ಸಿಗಲಿಲ್ಲ. "ನಿಮ್ಮ ಬ್ಯಾಟ್ರಿಗೆ ಕಾಯಿಲೆ ಇಲ್ಲ ಸಾರ್, ಸೋಮಾರಿತನ. ವಾರಕ್ಕೆರಡು ಸಲ ಹೆಸರಘಟ್ಟದ ಕಡೆ ಒಂದು ಸುತ್ತು ಹೊಡ್ಕೊಂಡ್ಬನ್ನಿ." ಹೀಗೆ ಓಡಾಟ ಶುರುವಾಯಿತು, ದಾರಿಯಲ್ಲಿ ಅಂಗಡಿಯ ಮುಂದೆ ನಿಂತು ಮಾತಾಡುವ ರೂಢಿಯೂ.

ದೊಡ್ಡಮುನಿಯಮ್ಮ ಜಗಳಕ್ಕೆ ಬಂದ ದಿನ ನಾನು ಅಲ್ಲಿದ್ದದ್ದು ಆ ರೂಢಿಯಿಂದಲೇ. ಆಷಾಢ ಮಾಸ. ಆಕೆ ಸೋಲದೇವನಹಳ್ಳಿಯವರು, ಸುತ್ತಲಿನ ತೋಟಗಳ ಸೇವಂತಿಗೆ ಕನಕಾಂಬರವನ್ನು ಪೇಟೆಗೆ ಸಾಗಿಸುವ ಟೆಂಪೋ ಇಟ್ಟುಕೊಂಡವರು; ಅವರ ಮಾತಿಗೆ ಹೂವಿನ ಗಾಡಿಗಳವರೆಲ್ಲ ತಲೆದೂಗುತ್ತಿದ್ದರು. ಹಿಂದಿನ ಆಷಾಢದಲ್ಲಿ ಅವರ ಬ್ಯಾಟರಿ ಕೆಟ್ಟಾಗ ವಾರಂಟಿಯಲ್ಲಿ ಬದಲಿ ಸಿಕ್ಕಿತ್ತು. ಈಗ ಆ ಬದಲಿಯೂ ಕೈಕೊಟ್ಟಿತ್ತು. ಕೆಲವು ದಿನದ ಕೆಳಗೆ ಅದನ್ನು ತಂದು, ಹಲಗೆಯ ಮೇಲೆ ಒಂದು ರಾತ್ರಿ ಮಲಗಿಸಿ, ಚಾರ್ಜು ಮಾಡಿಸಿಕೊಂಡು ಹೋಗಿದ್ದರು. ಈಗ ಬರಿಗೈಯಲ್ಲಿ ಬಸ್ಸಿಳಿದು ಬಂದರು.

"ಬ್ಯಾಟ್ರಾಯಣ್ಣ, ನನ್ ಬ್ಯಾಟ್ರಿ ಎಲ್ಲಿ?"

"ಒಯ್ದ್ಯಲ್ಲ ಮುನಿಯಕ್ಕ."

"ಒಯ್ದಿದ್ದು ನಂದಲ್ಲ. ನಂದು ಗಟ್ಟಿ ಇತ್ತು, ಒಸಿ ಸುಸ್ತಾಗಿತ್ತು ಅಷ್ಟೆ. ನೀನ್ ಕೊಟ್ಟಿದ್ದು ಎಣ. ಗಾಡಿ ಅಟ್ಟೀಲೇ ನಿಂತದೆ, ಸೆಲ್ಫ್ ಒಡುದ್ರೆ ಕಟ್ ಕಟ್ ಅಂತದೆ."

"ಅದೇ ಬ್ಯಾಟ್ರಿ ಕಣಕ್ಕ."

"ಅದೆಂಗೆ ಅದೇ? ರಾತ್ರಿ ನೀನಿದ್ಯಾ ಇಲ್ಲಿ?" ಆಕೆ ಬೆರಳು ತೋರಿಸಿದ್ದು ಒಳಗೆ ನಿಂತಿದ್ದ ಮುಕ್ತಾರ್‌ನತ್ತ. "ಇದ್ದೋನು ಅವ್ನು. ಬೀಗ ಅವ್ನ್ ಕೈಲಿ, ಬ್ಯಾಟ್ರಿ ಅವ್ನ್ ಮಗ್ಗುಲಲ್ಲಿ. ಒಳ್ಳೇದ್ ತೆಗ್ದು ಮಾರ್ಕೊಂಡು, ಅಂತದ್ದೇ ಅಳೇದೊಂದು ಇಟ್ರೆ ನಿಂಗ್ ತಿಳೀತದಾ?"

ಮುಕ್ತಾರ್ ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟ. "ಅಮ್ಮ, ನಂಬರ್ ನೋಡ್ಬಿಡಿ, ಮುಗೀತಲ್ಲ."

ಆದರೆ ಸಂಖ್ಯೆ ಇರಲಿಲ್ಲ. ಆಕೆಯ ಬ್ಯಾಟರಿಗೆ ಅಂಟಿಸಿದ್ದ ಚೀಟಿ ಅದನ್ನು ಇಲ್ಲಿಗೆ ತರುವ ಹೊತ್ತಿಗೇ ಯಾರೋ ತಿಕ್ಕಿ ತೊಳೆದಂತೆ ಬಿಳಿಚಿಹೋಗಿತ್ತು ಎಂದು ಬ್ಯಾಟರಾಯಪ್ಪನವರೇ ಹೇಳಿದರು. ಸಂಖ್ಯೆ ಓದಲಾಗದ ಬ್ಯಾಟರಿಗೆ ಕಂಪನಿಯವರು ಬದಲಿ ಕೊಡುವುದಿಲ್ಲ ಎಂದೂ ಹೇಳಿದರು. ನನಗೆ ಮುಕ್ತಾರ್‌ನ ಮೇಲೆ ಅನುಮಾನ ಬಂದದ್ದು ಆಗ. ತರುವಾಗಲೇ ಅಳಿದಿತ್ತು ಎಂಬುದಕ್ಕೆ ಅವರ ಮಾತಷ್ಟೇ ಸಾಕ್ಷಿ; ಚೀಟಿ ತಾನಾಗಿ ಅಳಿಯಿತೆ? ಅಳಿಸಿದ ಕೈ ಯಾವುದು? ದೊಡ್ಡಮುನಿಯಮ್ಮನಿಗೂ ಅದೇ ಹೊಳೆಯಿತೆಂದು ಕಾಣುತ್ತದೆ.

"ನೋಡ್ದಾ? ನಂಬರೂ ಇಲ್ಲ. ಇವ್ನ ಅಂಗ್ಡಿಯಿಂದ ಕಳ್ಸು ಬ್ಯಾಟ್ರಾಯಣ್ಣ. ಇಲ್ಲ ಅಂದ್ರೆ ಊವಿನ ಗಾಡಿ ಒಂದೂ ನಿನ್ ಬಾಗ್ಲಿಗ್ ಬರಾಕಿಲ್ಲ."

"ಗಾಡಿ ನೋಡ್ದೆ ಮಾತಾಡಲ್ಲ," ಎಂದರು ಬ್ಯಾಟರಾಯಪ್ಪ. ಆಮೇಲೆ ನನ್ನತ್ತ ತಿರುಗಿ, "ಸಾರ್, ನಿಮ್ಮ ಬ್ಯಾಟ್ರಿಗೂ ಇವತ್ತು ಓಟ ಆಗಿಲ್ಲ. ಸೋಲದೇವನಹಳ್ಳಿ ತನಕ ಹೋಗ್ಬರಣ್ವಾ?" ಎಂದರು. ದೊಡ್ಡಮುನಿಯಮ್ಮ ಹಿಂದಿನ ಸೀಟಿನಲ್ಲಿ ಪುಸ್ತಕಗಳನ್ನು ಒತ್ತರಿಸಿ ಕುಳಿತರು. ದಾರಿಯುದ್ದಕ್ಕೂ ಮೂವರಲ್ಲಿ ಯಾರೂ ಯಾರನ್ನೂ ನಂಬಿರಲಿಲ್ಲ.

ಮನೆಯ ಪಕ್ಕದ ಖಾಲಿ ಜಾಗದಲ್ಲಿ ಟೆಂಪೋ ನಿಂತಿತ್ತು. ಮದುವೆ ಮುಹೂರ್ತಗಳಿಲ್ಲದ ತಿಂಗಳು. ಹೂವಿಗೆ ಬೇಡಿಕೆಯಿಲ್ಲ, ಗಾಡಿಗೆ ಓಟವಿಲ್ಲ. ಟೆಂಪೋ ಓಡಿಸುವ ಆಕೆಯ ತಂಗಿಯ ಮಗ ಶರತ್ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದ. ಬ್ಯಾಟರಾಯಪ್ಪ ಬಗ್ಗಿ ನೋಡಿದವರು ಬಹಳ ಹೊತ್ತು ತಲೆಯೆತ್ತಲಿಲ್ಲ.

ಬ್ಯಾಟರಿಯ ನೆತ್ತಿಯ ಮೇಲೆ, ಒಂದು ಟರ್ಮಿನಲ್‌ನಿಂದ ಇನ್ನೊಂದರವರೆಗೆ, ಬೆರಳು ದಪ್ಪದ ಮೂರು ಬೂದು ಗೆರೆಗಳು ಹಸಿಹಸಿಯಾಗಿ ಹೊಳೆಯುತ್ತಿದ್ದವು. ನಡುವೆ ಕುಂಕುಮ. ಟರ್ಮಿನಲ್‌ಗಳ ಬುಡದಲ್ಲಿ ಹಸಿರು ಕಿಲುಬು. ಮೂಗಿಗೆ ಬಡಿದ ವಾಸನೆ ಆಸಿಡಿನದಲ್ಲ.

"ಇದೇನಕ್ಕ?"

"ಈಬೂತಿ."

"ಏನ್ರಲ್ಲಿ ಕಲಸಿದ್ದೀ?"

"ಗಂಜಲದಲ್ಲಿ. ಮಡಿ ಬೇಡ್ವಾ? ಸುಕ್ರವಾರ ಸುಕ್ರವಾರ ಗಂಜಲ ಆಕಿ ತೊಳ್ದು ಅಚ್ತೀನಿ. ಆಸಾಡದಲ್ಲಿ ಮಂಗ್ಳವಾರನೂವೆ."

ಚೀಟಿ ಬಿಳಿಚಿದ್ದಕ್ಕೆ ಕಾರಣ ಸಿಕ್ಕಿತು. ಬ್ಯಾಟರಾಯಪ್ಪ ಚೀಲದಿಂದ ಮುಳ್ಳಿನ ಮೀಟರ್ ತೆಗೆದು, ಒಂದು ತಂತಿಯನ್ನು ಟರ್ಮಿನಲ್‌ಗೂ ಇನ್ನೊಂದನ್ನು ಲೋಹ ಎಲ್ಲೂ ಇಲ್ಲದ ಕಡೆ, ಒದ್ದೆ ವಿಭೂತಿಗೂ ತಾಕಿಸಿದರು. ಮುಳ್ಳು ಎದ್ದಿತು. ಬರೀ ಪ್ಲಾಸ್ಟಿಕ್ಕಿನ ಮೇಲೆ ಏಳಬಾರದ ಮುಳ್ಳು. ಗಂಜಲದ ಉಪ್ಪು ಹೀರಿದ ಆ ಗೆರೆಗಳ ಮೂಲಕ ಬ್ಯಾಟರಿ ಹಗಲೂ ಇರುಳೂ ಸೋರುತ್ತಿತ್ತು.

ದೊಡ್ಡಮುನಿಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು. "ನೋಡ್ದಾ ಸರತಾ! ಈಬೂತೀಲಿ ಕರೆಂಟ್ ಐತೆ! ದ್ಯಾವ್ರ ಸಕ್ತಿ ಅಂದ್ರೆ ನಗ್ತಿದ್ಯಲ್ಲ!"

ಶರತ್ ನಗಲಿಲ್ಲ, ನಾನು ಮುಖ ತಿರುಗಿಸಿಕೊಂಡೆ. ಬ್ಯಾಟರಾಯಪ್ಪ ಮೆಲ್ಲಗೆ, "ಅಕ್ಕ, ಒದ್ದೆ ಹಚ್ಚಬಾರ್ದು. ಇದ್ರಿಂದ್ಲೇ ಇಳೀತಿರೋದು," ಎಂದರು.

"ಏನಂದೆ? ನಿನ್ ಅಂಗ್ಡೀಲಿ ಸಂಜೆ ಸಂಜೆ ಅಚ್ಚಾಕಿಲ್ವಾ ನೀನು? ಅದ್ನ ನೋಡ್ಕಂಡೇ ನಾನ್ ಅಚ್ಚಿದ್ದು! ಈಬೂತಿ ಎಳ್ದು ಮಲಗಿಸ್ತಾನೆ, ಬೆಳಗ್ಗೆ ಬ್ಯಾಟ್ರಿ ಗಟ್ಟಿಯಾಗಿ ಏಳ್ತದೆ ಅಂತ. ನೀನ್ ಅಚ್ಚಿದ್ರೆ ಬಕ್ತಿ, ನಾನ್ ಅಚ್ಚಿದ್ರೆ ತಪ್ಪಾ? ಆ ಮುಕ್ತಾರನ್ನ ಉಳಿಸ್ಕಳಾಕೆ ದ್ಯಾವ್ರ ಮ್ಯಾಲೆ ಆಕ್ತೀಯಾ?"

ಬ್ಯಾಟರಾಯಪ್ಪ ಮೀಟರನ್ನು ಚೀಲಕ್ಕೆ ಹಾಕಿಕೊಂಡು ಕಾರಿನ ಕಡೆ ನಡೆದರು. ಹಿಂದಿನಿಂದ ಆಕೆ ಕೂಗಿ ಹೇಳಿದ್ದು ಇಬ್ಬರಿಗೂ ಕೇಳಿಸಿತು: ನಾಳೆ ಹೂವಿನ ಗಾಡಿಯವರನ್ನೆಲ್ಲ ಕರೆದುಕೊಂಡು ಬರುತ್ತೇನೆ, ಅಂಗಡಿಯಲ್ಲಿ ಒಂದೋ ಮುಕ್ತಾರ್ ಇರಬೇಕು, ಇಲ್ಲವೇ ನಮ್ಮ ವ್ಯಾಪಾರ ಇರಬೇಕು.

ಕಾರಿನಲ್ಲಿ ಬಹಳ ದೂರ ಬಂದ ಮೇಲೆ ಬ್ಯಾಟರಾಯಪ್ಪ ಬಾಯಿಬಿಟ್ಟರು.

"ಅದು ಪೂಜೆ ಅಲ್ಲ ಸಾರ್. ಬೀಗ."

ನಾನು ಕಾರಿನ ವೇಗ ತಗ್ಗಿಸಿದೆ.

"ಗೆರೆ ಬ್ಯಾಟ್ರಿಯಿಂದ ಹಲಗೆಗೆ ಇಳಿದಿರ್ತದೆ. ರಾತ್ರಿ ಯಾರಾದ್ರೂ ಬ್ಯಾಟ್ರಿ ಎತ್ತಿದ್ರೆ ಸಂದಿಯಲ್ಲಿ ಮುರೀತದೆ. ನಾಮ ಆದ್ರೆ ಗಟ್ಟಿಯಾಗಿ ಅಂಟ್ಕೊಳ್ತದೆ. ವಿಭೂತಿ ಆದ್ರೆ ಉಸಿರು ತಾಗಿದ್ರೂ ಉದುರ್ತದೆ. ಅದಕ್ಕೇ ವಿಭೂತಿ. ಬೆಳಗ್ಗೆ ಬಗ್ಗಿ ನೋಡೋದು ಅದನ್ನೇ. ಪೂಜೆ ಅಂದ್ರೆ ಯಾರೂ ಕೇಳಲ್ಲ ನೋಡಿ. ನೀವೊಬ್ರೇ ಕೇಳಿದ್ದು."

ಆರಂಭ ಮುಕ್ತಾರ್‌ನಿಂದ ಅಲ್ಲವಂತೆ. ಅವನಿಗೂ ಮೊದಲು ಆ ಕೋಣೆಯಲ್ಲಿದ್ದವನು ಬ್ಯಾಟರಾಯಪ್ಪನವರ ಸ್ವಂತ ಬಾಮೈದ ಕದಿರಪ್ಪ. ಗಿರಾಕಿಗಳ ಒಳ್ಳೆಯ ಬ್ಯಾಟರಿಗಳನ್ನು ರಾತ್ರಿ ತೆಗೆದು ಹಳೆಯದನ್ನಿಟ್ಟವನು ಅವನು. ತಿಳಿಯುವ ಹೊತ್ತಿಗೆ ಅಂಗಡಿಯ ಹೆಸರು ಕೆಟ್ಟು, ತಿರುಗಿ ಏಳಲು ವರ್ಷಗಳೇ ಹಿಡಿದವು. "ಆಮೇಲೆ ಮುಕ್ತಾರ್ ಬಂದ. ಅವನು ಅಂತಲ್ಲ ಸಾರ್, ನನ್ನ ಮಗಳು ಶಿಲ್ಪ ಅಲ್ಲಿ ಮಲಗಿದ್ರೂ ಎಳೀತಿದ್ದೆ. ಇಷ್ಟು ವರ್ಷದಲ್ಲಿ ಒಂದೇ ಒಂದ್ಸಲ, ಅವನು ಸೇರಿದ ಹೊಸ್ತರಲ್ಲಿ, ಗೆರೆ ಬಿರುಕು ಬಿಟ್ಟಿತ್ತು. ಬ್ಯಾಟ್ರಿ ಮಾತ್ರ ಅದೇ ಇತ್ತು. ಅದಾದ್ಮೇಲೆ ಒಂದಿನವೂ ಇಲ್ಲ. ಮುನಿಯಕ್ಕನ ಬ್ಯಾಟ್ರಿ ಮೇಲೂ ಗೆರೆ ಹಾಗೇ ಇತ್ತು, ನಾನೇ ಕಣ್ಣಾರೆ ನೋಡ್ದೆ. ಮುಕ್ತಾರ್ ಮುಟ್ಟಿಲ್ಲ."

"ಹಾಗಾದ್ರೆ ನಾಳೆ ಅದನ್ನೇ ಹೇಳಿ. ಅವನು ಪಾರಾಗ್ತಾನೆ."

"ಎಲ್ಲಿ ಪಾರಾಗ್ತಾನೆ ಸಾರ್? ಅವನ ಮುಂದೇನೇ ಹೇಳ್ಬೇಕಲ್ಲ. ನನ್ನ ತಟ್ಟೇಲಿ ಉಂಡೋನು, ನನ್ನ ಹೆಂಡ್ತಿ ಸತ್ತ ಮೇಲೆ ಮಗಳಿಗೆ ಜ್ವರ ಅಂದ್ರೆ ಆಸ್ಪತ್ರೆಯಲ್ಲಿ ಕೂತೋನು. ದಿನಾ ಸಂಜೆ ಅವನ ಕಣ್ಣೆದುರಿಗೇ ಅವನಿಗೆ ಬೀಗ ಹಾಕಿ ಹೋಗ್ತಿದ್ದೆ ಅಂತ ಗೊತ್ತಾದ್ರೆ ನಿಲ್ತಾನಾ? ಹೋಗ್ಬಿಡ್ತಾನೆ." ಆಮೇಲೆ ಮೊದಲು ಹೇಳಿದ ಆ ಪ್ರಶ್ನೆಯನ್ನು ಕೇಳಿದರು.

ಅವರನ್ನು ಅಂಗಡಿಯ ಮುಂದೆ ಇಳಿಸಿ ಬಂದ ಮೇಲೆ ನನ್ನ ಅನುಮಾನ ಅವರ ಕತೆಯ ಮೇಲೆಯೇ ತಿರುಗಿತು. ಒದ್ದೆ ಗೆರೆಗಳ ಸೋರಿಕೆಯನ್ನು ಕಣ್ಣಾರೆ ಕಂಡಿದ್ದೆ, ನಿಜ. ಆದರೆ ಆ ಸೋರಿಕೆಯೊಂದೇ ಬ್ಯಾಟರಿಯನ್ನು ಕೊಲ್ಲಲು ಸಾಕಾಗದು. ಆಷಾಢವಿಡೀ ಓಟವಿಲ್ಲದೆ ನಿಂತದ್ದೂ ಸೇರಿದರೆ ಸಾಕಾದೀತು. ಅದೇ ಬ್ಯಾಟರಿ ಎನ್ನುವುದಕ್ಕೆ ಇದ್ದದ್ದು ಒಬ್ಬ ಮುದುಕ ನೋಡಿದ ಒಂದು ಬೂದಿಯ ಗೆರೆ. ಅವರು ಮುಕ್ತಾರ್‌ನನ್ನು ಕಾಪಾಡಲು ಇಡೀ ಕತೆಯನ್ನು ಕಾರಿನಲ್ಲೇ ಕಟ್ಟಿರಬಾರದೇಕೆ? ಕಟ್ಟಿದ್ದರೆ ಚೆನ್ನಾಗಿಯೇ ಕಟ್ಟಿದ್ದರು.

ಮರುದಿನ ನಾನೂ ಹೋದೆ. ಅಂಗಡಿಯ ಮುಂದೆ ಐದಾರು ಹೂವಿನ ಗಾಡಿಗಳು, ಅವುಗಳ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿದ ದೊಡ್ಡಮುನಿಯಮ್ಮ. ಮುಕ್ತಾರ್ ಬೀಗದ ಗೊಂಚಲನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ನಿಂತಿದ್ದ. ಮೊದಲೇ ತೀರ್ಮಾನ ಮಾಡಿಕೊಂಡಂತಿದ್ದ.

"ಅಣ್ಣೋರೇ, ನನ್ನಿಂದ ನಿಮ್ಗೆ ತೊಂದ್ರೆ ಬೇಡ. ಟಿ. ದಾಸರಹಳ್ಳೀಲಿ ನಮ್ಮ ದೋಸ್ತ್ ಅಜ್ಜು ಗ್ಯಾರೇಜಿದೆ, ಅಲ್ಲಿಗೆ ಹೋಗ್ತೀನಿ."

"ಓಗ್ಲಿ ಬುಡು," ಎಂದರು ದೊಡ್ಡಮುನಿಯಮ್ಮ.

ಬ್ಯಾಟರಾಯಪ್ಪ ಬೀಗದ ಗೊಂಚಲನ್ನು ಎತ್ತಿ ಮುಕ್ತಾರ್‌ನ ಅಂಗಿಯ ಜೇಬಿಗೆ ತುರುಕಿದರು. ಆಮೇಲೆ ಗಾಡಿಯವರೆಲ್ಲರಿಗೂ ಕೇಳುವಂತೆ ಹೇಳಿದರು.

"ಬ್ಯಾಟ್ರಿ ಬದಲಾಗಿದ್ದು ನಿಜ. ಬದಲಾಯ್ಸಿದ್ದು ನಾನು. ಕಣ್ಣಲ್ಲಿ ಪೊರೆ ಬಂದದೆ. ಯಾವ್ದು ಯಾರ್ದು ತಿಳೀದೆ, ಒಂದೇ ಥರ ಎರಡಿದ್ವು, ತಪ್ಪಿ ಕೊಟ್ಬಿಟ್ಟೆ. ಮುನಿಯಕ್ಕಂಗೆ ಹೊಸದು ಕೊಡ್ತೀನಿ. ಮುಕ್ತಾರ್‌ನ ಯಾರೂ ಅನ್ಬೇಡಿ."

ಹಿಂದೆ ಗೂಡ್ಸ್ ಗಾಡಿಯೊಂದು ಬಂತು. ಅದು ಪೂರ್ತಿ ಹೋಗುವವರೆಗೆ ಎಲ್ಲರೂ ನಿಂತಲ್ಲೇ ನಿಂತಿದ್ದರು. ನಾನು ಮುಕ್ತಾರ್‌ನ ಮುಖವನ್ನು ಗಮನಿಸಿದೆ. ಅಲ್ಲಿ ಬೆರಗು ಇರಬೇಕಿತ್ತು, ಕೃತಜ್ಞತೆಯಾದರೂ. ಅವನು ತಲೆ ತಗ್ಗಿಸಿದ್ದ. ತುಟಿಯ ಕೊನೆಯಲ್ಲಿ ಏನೋ ಒಂದು ಸಣ್ಣಗೆ ಅಲುಗಿತು. ನಗುವೆಂದೇ ನನಗನ್ನಿಸಿತು. ಸಿಕ್ಕಿಬೀಳದ ಕಳ್ಳನ ನಗು ಹೀಗೇ ಇರುತ್ತದೆಂದೂ ಅನ್ನಿಸಿತು.

ಹೊಸ ಬ್ಯಾಟರಿಯನ್ನು ದೊಡ್ಡಮುನಿಯಮ್ಮನ ಗಾಡಿಗೆ ತಾವೇ ಕೂರಿಸುತ್ತ ಬ್ಯಾಟರಾಯಪ್ಪ ಹೇಳಿದರು: "ಮುನಿಯಕ್ಕ, ತಪ್ಪು ಮಾಡಿದೀನಿ, ಹರಕೆ ಹೊತ್ತಿದೀನಿ. ಈ ಬ್ಯಾಟ್ರಿಗೆ ಒದ್ದೆ ಸೋಕ್ಬಾರ್ದು. ನೀರೂ ಬೇಡ, ಗಂಜಲವೂ ಬೇಡ. ಒಂದು ಹೂವು ಇಟ್ಟು ಕೈಮುಗಿ, ಸಾಕು. ಆಷಾಢದಲ್ಲೂ ದಿನ ಬಿಟ್ಟು ದಿನ ದೇವಸ್ಥಾನದ ತನಕ ಗಾಡಿ ಹೋಗ್ಬರ್ಬೇಕು. ಮುರುದ್ರೆ ನನ್ನ ಕಣ್ಣು ಪೂರ್ತಿ ಹೋಗ್ತದೆ."

"ಅಯ್ಯೋ, ಮುರೀತೀನಾ!" ಎಂದರು ಆಕೆ. ಆ ಬ್ಯಾಟರಿ ಮುಂದಿನ ಆಷಾಢವನ್ನೂ, ಅದರ ಮುಂದಿನದನ್ನೂ ದಾಟಿತು.

ಅಂಗಡಿ ಅಷ್ಟು ಸುಲಭವಾಗಿ ದಾಟಲಿಲ್ಲ. ಗಿರಾಕಿಯ ಬ್ಯಾಟರಿಯನ್ನು ಮಾಲೀಕನೇ ಅದಲುಬದಲು ಮಾಡಿದನೆಂಬ ಸುದ್ದಿ ಕಂಪನಿಯವರೆಗೂ ಹೋಯಿತು. ವಾರಂಟಿ ಬದಲಿ ಕೊಡುವ ಕೆಲಸವನ್ನು ಅವರು ಕಿತ್ತುಕೊಂಡರು. ಗಿರಾಕಿಗಳು ಅರ್ಧಕ್ಕಿಳಿದರು. ಬ್ಯಾಟರಾಯಪ್ಪನವರ ಕಣ್ಣಿಗೆ ಪೊರೆಯೇನೂ ಬಂದಿರಲಿಲ್ಲ. ಆದರೂ ಆ ದಿನದಿಂದ ಬ್ಯಾಟರಿಗಳ ಮೇಲಿನ ಸಣ್ಣಕ್ಷರಗಳನ್ನು ಮುಕ್ತಾರ್‌ನಿಂದ ಓದಿಸಿಕೊಳ್ಳುತ್ತಿದ್ದರು. ಆಡಿದ ಸುಳ್ಳನ್ನು ಅಷ್ಟು ಶಿಸ್ತಿನಿಂದ ಸಾಕಿದವರನ್ನು ನಾನು ಬೇರೆ ನೋಡಿಲ್ಲ.

ಒಂದು ಸಂಗತಿ ಮಾತ್ರ ನನಗೆ ಒಗಟಾಗಿತ್ತು. ಸಂಜೆಯ ಗೆರೆ ನಿಲ್ಲಲಿಲ್ಲ. ಮುಕ್ತಾರ್ ಆಚೆ ಹೋದ ಹೊತ್ತು ನೋಡಿ ಕೇಳಿದೆ.

"ಇನ್ನೂ ಯಾಕೆ ಎಳೆಯುತ್ತೀರಿ? ನಂಬಿಕೆ ಬಂತಲ್ಲ."

"ನಿಲ್ಸಿದ್ರೆ ಯಾಕೆ ನಿಲ್ಸಿದ್ರಿ ಅಂತಾನೆ ಸಾರ್." ಡಬ್ಬಿಯ ಮುಚ್ಚಳ ತಿರುಗಿಸುತ್ತ ಅವರು ದನಿ ತಗ್ಗಿಸಿದರು. "ಮತ್ತೆ, ಬೆಳಗ್ಗೆ ಗೆರೆ ಹಾಗೇ ಇರೋದು ನೋಡಿದ್ರೆ ಒಂಥರ ಸಮಾಧಾನ."

ಕಳೆದ ಮಾಗಿಯ ಚಳಿಯಲ್ಲಿ ಅವರು ತೀರಿಕೊಂಡರು. ಮನೆಯಲ್ಲಿ, ಬೆಳಗಿನ ಕಾಫಿಯ ಲೋಟ ಕೆಳಗಿಡುತ್ತಿದ್ದಾಗ. ಮಣ್ಣಿಗೆ ದೊಡ್ಡಮುನಿಯಮ್ಮ ಗಾಡಿ ತುಂಬ ಸೇವಂತಿಗೆ ತಂದಿದ್ದರು. ಅಂಗಡಿಯನ್ನು ಮಗಳು ಶಿಲ್ಪ ಮುಕ್ತಾರ್‌ನ ಕೈಗೇ ಬಿಟ್ಟಳು.

ತಿಥಿ ಕಳೆದು ಕೆಲವು ವಾರಗಳ ಮೇಲೆ ನನ್ನ ಕಾರು ಮತ್ತೆ ಮುಷ್ಕರ ಹೂಡಿತು. ಬೆಳಿಗ್ಗೆ ಹೋದಾಗ ಮುಕ್ತಾರ್ ಷಟರ್ ಎತ್ತುತ್ತಿದ್ದ. ಒಳಗೆ, ಗೋಡೆಯುದ್ದದ ಹಲಗೆಯ ಮೇಲೆ ಮಲಗಿದ್ದ ಬ್ಯಾಟರಿಗಳ ಮುಂಬದಿಯಲ್ಲಿ ಮೂರು ಮೂರು ಗೆರೆಗಳಿದ್ದವು. ಮೇಲಿನಿಂದ ಕೆಳಕ್ಕೆ, ಮೈಯಿಂದ ಹಲಗೆಗೆ. ಮೂರನೆಯದು ನಡುವೆ ಹೊರಳಿ ಆಚೆ ಸರಿದಿತ್ತು. ನಾನು ದೆವ್ವಗಳನ್ನು ನಂಬುವವನಲ್ಲ. ಆದರೂ ಒಂದು ಹೆಜ್ಜೆ ಹಿಂದೆ ಸರಿದೆ.

"ಇದನ್ನು ಯಾರು ಎಳೆದದ್ದು?"

"ನಾನೇ ಸಾರ್."

"ಮೂರನೇ ಗೆರೆ ಸೊಟ್ಟಗಿದೆ."

"ಕೈಗೆ ಅಭ್ಯಾಸ ಆಗೋಗಿದೆ." ಅವನು ಬಲಗೈ ಎತ್ತಿ, ಉಂಗುರದ ಬೆರಳನ್ನು ಒಳಕ್ಕೆ ಮಡಿಸಿ, ಗಾಳಿಯಲ್ಲಿ ಎಳೆದು ತೋರಿಸಿದ. ಬ್ಯಾಟರಾಯಪ್ಪನವರ ಕೈಯೇ. "ಹೊಸ್ತರಲ್ಲಿ ಅಣ್ಣೋರು ಒಂದಿನ ಬೆಳಗ್ಗೆ ಬಗ್ಗಿ ನೋಡಿದ್ರು. ಆಮೇಲೆ ಸಾಯಂಕಾಲದವರ್ಗೂ ನನ್ನ ಮುಖ ನೋಡ್ಲಿಲ್ಲ, ಊಟಕ್ಕೂ ಕರೀಲಿಲ್ಲ. ಪೂಜೆ ಅಲ್ಲ ಇದು ಅಂತ ಆವತ್ತೇ ಗೊತ್ತಾಯ್ತು. ನಾನು ಬ್ಯಾಟ್ರಿ ಮುಟ್ಟಿರ್ಲಿಲ್ಲ ಸಾರ್. ಗೂಡ್ಸ್ ಹೋದ್ರೆ ಹಲಗೆ ಅದುರ್ತದೆ, ಸಂದೀಲಿ ಪುಡಿ ಉದುರಿ ಗೆರೆ ಮುರೀತದೆ. ಅವರು ಹಗಲು ಬಂದು ಹೋಗೋರು. ರಾತ್ರಿ ಎಷ್ಟು ಗಾಡಿ ಹೋಗ್ತವೆ, ಅವರಿಗೇನ್ ಗೊತ್ತು?"

"ಹೇಳಬಹುದಿತ್ತಲ್ಲ?"

"ಏನಂತ ಹೇಳ್ಲಿ? ನನ್ನ ಮೇಲೆ ಅನುಮಾನ ಅಂತ ಗೊತ್ತಾಯ್ತು ಅಂದಿದ್ರೆ ಅವರು ನಾಚ್ಕೊಳ್ಳೋರು. ಆಮೇಲೆ ನಾನು ಇರೋಕಾಗ್ತಿತ್ತಾ?"

ಹಳಿಯ ಮೇಲೆ ಗೂಡ್ಸ್ ಗಾಡಿ ಹಾಯದ ರಾತ್ರಿ ಅಲ್ಲಿಲ್ಲ. ಬ್ಯಾಟರಾಯಪ್ಪ ಪ್ರತಿ ಬೆಳಿಗ್ಗೆ ಸೊಂಟ ಬಗ್ಗಿಸಿ ಓದಿಕೊಂಡ ಗೆರೆಗಳನ್ನು, ದೊಡ್ಡಮುನಿಯಮ್ಮನ ಬ್ಯಾಟರಿಯ ಮೇಲೆ ಕಣ್ಣಾರೆ ಕಂಡೆನೆಂದು ನನಗೆ ಹೇಳಿದ ಆ ಗೆರೆಯನ್ನೂ ಸೇರಿಸಿ, ಅವರು ಬರುವುದಕ್ಕೆ ಸ್ವಲ್ಪ ಮೊದಲು, ಉಂಗುರದ ಬೆರಳನ್ನು ಮಡಿಸಿಕೊಂಡು ಎಳೆದಿಡುತ್ತಿದ್ದವನು ಮುಕ್ತಾರ್.